ಕಣ್ಣಿಗೊಂದು ಸೀಟು

ಹೊಳೆ ಸುರಕ್ಷಾ ಸಮಿತಿಯ ಅಧ್ಯಕ್ಷರು ಫೋನು ಮಾಡಿದ್ದರು. ಸಮಿತಿಯ ಸ್ಮರಣ ಸಂಚಿಕೆ ಬರುತ್ತದಂತೆ. ಅದರಲ್ಲಿ ನಮ್ಮ ಮಾಸ್ಟ್ರ ಬಗ್ಗೆ ನಾನೊಂದು ಬರಹ ಕೊಡಬೇಕಂತೆ.

"ನೀವೇ ಬರೀಬೇಕು ಅಕ್ಕ. ಅವರ ಬಾಯಿಂದ ಜಾಸ್ತಿ ಬೈಸಿಕೊಂಡದ್ದು ನೀವೇ ಅಲ್ವಾ?"

"ನಿಮಗಿಂತ ಜಾಸ್ತಿಯಾ?" ಎಂದು ಕೇಳಿದೆ.

"ಅದೂ ಹೌದು," ಎಂದು ನಕ್ಕರು. "ಮತ್ತೆ ಅವರದ್ದೊಂದು ಒಳ್ಳೆ ಫೋಟೋ ಬೇಕು. ಕೋಟು ಹಾಕಿದ್ದು ಇದ್ರೆ ಒಳ್ಳೆದು. ಇಲ್ಲದಿದ್ರೂ ತೊಂದರೆ ಇಲ್ಲ, ಈಗ ಕಂಪ್ಯೂಟರಿನಲ್ಲಿ ಕೋಟು ಹಾಕ್ಲಿಕ್ಕೆ ಆಗ್ತದಲ್ಲ."

ಆಗುತ್ತದೆ. ಬೆಳ್ತಂಗಡಿಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟ ಮೇಲೆ ನಾನು ಜನರಿಗೆ ತೊಡಿಸಿದಷ್ಟು ಕೋಟನ್ನು ಈ ತಾಲೂಕಿನ ಯಾವ ದರ್ಜಿಯೂ ಹೊಲಿದಿರಲಿಕ್ಕಿಲ್ಲ. ಬನಿಯನ್ ತೊಟ್ಟು ತೆಂಗಿನಕಾಯಿ ಸುಲಿಯುತ್ತಿರುವವರ ಫೋಟೋ ಬೆಳಿಗ್ಗೆ ಮೊಬೈಲಿಗೆ ಬರುತ್ತದೆ. ಸಂಜೆಯೊಳಗೆ ಅವರು ಕೋಟು, ಟೈ ಹಾಕಿಕೊಂಡು ನಾಡಿನ ಸಮಸ್ತ ಜನತೆಗೆ ಶುಭಾಶಯ ಕೋರುತ್ತಿರುತ್ತಾರೆ. ಆದರೆ ಮಾಸ್ಟ್ರಿಗೆ ಕೋಟು ಹಾಕುವ ಧೈರ್ಯ ನನಗಿಲ್ಲ.

ಅವರು ತೀರಿಕೊಂಡದ್ದು ಈ ಮಳೆಗಾಲದಲ್ಲಿ. ಮರುದಿನವೇ ಮೂಡುಬಿದಿರೆಯಲ್ಲಿ ಅವರ ಮನೆಯ ದಾರಿಯಲ್ಲೇ ಒಂದು ಫ್ಲೆಕ್ಸ್ ಎದ್ದು ನಿಂತಿತ್ತು. ನನ್ನ ಅಂಗಡಿಯದ್ದಲ್ಲ, ದೇವರಾಣೆ. ಗುಲಾಬಿ ಬಣ್ಣದ ಮೋಡಗಳ ನಡುವೆ ಮಾಸ್ಟ್ರು, ಎರಡೂ ಬದಿಗೆ ಉರಿಯುವ ದೀಪ, ಕೆಳಗೆ 'ಮತ್ತೆ ಹುಟ್ಟಿ ಬನ್ನಿ' ಎಂಬ ಅಕ್ಷರಗಳಿಗೆ ಫಳಫಳ ಹೊಳೆಯುವ ಅಂಚು. ಆ ಮನುಷ್ಯ ಹುಟ್ಟಿ ಬಂದರೂ ಅದನ್ನು ನೋಡಿ ಅಲ್ಲಿಂದಲೇ ಹಿಂದೆ ಹೋದಾರು.

ಮಾಸ್ಟ್ರದ್ದು ಮೂಡುಬಿದಿರೆಯ ಹಳೆಯ ಜೈನ ಮನೆತನ. ಒಂದು ಕಾಲೇಜಿನಲ್ಲಿ ಚಿತ್ರಕಲೆ, ವಿನ್ಯಾಸ ಎಲ್ಲ ಕಲಿಸಿಕೊಂಡಿದ್ದರು. ಅಲ್ಲಿನ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆ ಮಾಡುವ ಕೆಲಸ ಒಂದು ವರ್ಷ ಅವರ ತಲೆಗೆ ಬಿತ್ತು. ದಿನ, ಗಂಟೆ, ಜಾಗ ಇಷ್ಟನ್ನು ಎದುರಿಗೆ ದೊಡ್ಡದಾಗಿ ಹಾಕಿದರು. ಉಳಿದ ಹೆಸರುಗಳನ್ನೆಲ್ಲ ಒಳಪುಟದಲ್ಲಿ ಒಂದೇ ಅಳತೆಯ ಅಕ್ಷರದಲ್ಲಿ, ಅಕಾರಾದಿಯಾಗಿ ಕೂರಿಸಿದರು. ಉದ್ಘಾಟಕರ ಹೆಸರು ಶಾಮಿಯಾನದವರ ಹೆಸರಿನ ಕೆಳಗೆ ಬಂತು. ಆಮೇಲೆ ಕೆಲಸವನ್ನು ಅವರೇ ಬಿಟ್ಟರೋ, ಅವರಿಂದ ಬಿಡಿಸಿದರೋ ನಾನು ಕೇಳಲಿಲ್ಲ. ಕೇಳಿದ್ದರೆ ಅಕ್ಷರದ ಅಳತೆಯ ಮೇಲೆ ದೊಡ್ಡ ಭಾಷಣ ಕೇಳಬೇಕಿತ್ತು.

ನನ್ನ ಅಂಗಡಿಗೆ ಅವರು ಕೆಲಸ ಕೇಳಿಕೊಂಡು ಬಂದವರಲ್ಲ, ಜಗಳಕ್ಕೆ ಬಂದವರು. ಬಸ್ಸಿನಿಂದಿಳಿದು ಎದುರಿನ ಫ್ಲೆಕ್ಸ್ ನೋಡಿ, ಅದರ ಮೂಲೆಯಲ್ಲಿದ್ದ ಅಂಗಡಿಯ ಹೆಸರು ಓದಿ, ನೇರ ಒಳಗೆ ಬಂದರು.

"ಇದನ್ನು ಮಾಡಿದ್ದು ಯಾರು?"

"ನಾನೇ," ಎಂದೆ, ಹೊಗಳಲು ಬಂದವರೆಂದು.

"ಎಂತದರ ಫ್ಲೆಕ್ಸ್ ಅದು?"

"ಕಣ್ಣಿನ ತಪಾಸಣೆಯ ಶಿಬಿರದ್ದು."

"ಹಾಗಂತ ಎಲ್ಲಿ ಬರೆದುಂಟು?"

ಹೊರಗೆ ಕರೆದುಕೊಂಡು ಹೋಗಿ ತೋರಿಸಿದೆ. ಪ್ರಾಯೋಜಕರ ಮುಖಗಳ ಕೆಳಗೆ, ಸಂದಿಯಲ್ಲಿ, ಇತ್ತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿ ಹತ್ತಿರ ಹೋಗಿ ನೋಡಿದರು. "ಇಷ್ಟು ಸಣ್ಣದನ್ನು ಓದ್ಲಿಕ್ಕೆ ಆಗುವವನಿಗೆ ತಪಾಸಣೆ ಎಂತಕ್ಕೆ ಮಾರಾಯ್ರೆ?" ಎಂದರು.

ನನಗೆ ಮಂಡೆ ಬಿಸಿಯಾಯಿತು. ಡಿಸೈನ್ ಮಾಡುತ್ತಿದ್ದ ಹುಡುಗಿ ಮದುವೆಯಾಗಿ ಹೋಗಿ, ನಾನೊಬ್ಬಳೇ ಒದ್ದಾಡುತ್ತಿದ್ದ ದಿನಗಳು ಅವು. "ಅಷ್ಟು ಗೊತ್ತಿದ್ರೆ ನೀವೇ ಕೂತು ಮಾಡಿ," ಎಂದೆ. ಅವರು ಕೂತರು. ಕೊನೆಯ ಕಾಯಿಲೆ ಬರುವವರೆಗೂ ಆ ಕುರ್ಚಿ ಬಿಡಲಿಲ್ಲ.

ಯಾವಾಗಲೂ ಬಿಳಿ ಅಂಗಿ, ಕಪ್ಪು ಪ್ಯಾಂಟು. ಬಣ್ಣ ಎರಡು ಸಾಕು, ಮೂರನೆಯದು ಬರುವುದಿದ್ದರೆ ಅದಕ್ಕೊಂದು ಕಾರಣ ಬೇಕು ಎನ್ನುವವರು. ಅವರ ಮೂರನೆಯ ಬಣ್ಣ ಕೆಂಪು ಕೊಡೆ. ಕಾರಣ ಕೇಳಿದ್ದಕ್ಕೆ, "ಮಳೆಯಲ್ಲಿ ಡ್ರೈವರಿಗೆ ನಾನು ಕಾಣಬೇಕಲ್ಲ," ಎಂದರು. ದಿನಾ ವೇಣೂರಿನ ದಾರಿಯಾಗಿ ಬರುವ ಬಸ್ಸಿನಲ್ಲಿ ಬರುತ್ತಿದ್ದರು. ಸೀಟು ಖಾಲಿ ಇದ್ದರೂ ಮುಂದಿನ ಬಾಗಿಲ ಹತ್ತಿರ ಕಂಬ ಹಿಡಿದು ನಿಂತೇ ಬರುವುದು. ಕುಳಿತರೆ ಒಂದು ಬದಿಯ ಬೋರ್ಡುಗಳು ಮಾತ್ರ ಕಾಣುತ್ತವಂತೆ. "ಕೂತ್ಕೊಳ್ಳಿ ಮಾಸ್ಟ್ರೆ, ಸೀಟು ಉಂಟಲ್ಲ," ಎಂದು ಕಂಡಕ್ಟರು ಹೇಳಿ ಹೇಳಿ ಕೊನೆಗೆ ಬಿಟ್ಟೇಬಿಟ್ಟ.

ಸೀಟಿನ ಮಾತು ಅವರ ಬಾಯಲ್ಲಿ ಬರುತ್ತಿದ್ದದ್ದು ಬೇರೆ ಅರ್ಥದಲ್ಲಿ. ಗಿರಾಕಿಗಳು ಮಾಸ್ಟ್ರ ಹಿಂದೆ ನಿಂತು ಕಂಪ್ಯೂಟರಿಗೆ ಬೆರಳು ತೋರಿಸುತ್ತಿದ್ದರು. "ಅಲ್ಲಿ ಸ್ವಲ್ಪ ಜಾಗ ಉಳಿದಿದೆಯಲ್ಲ, ಒಂದು ಹೂವು ಹಾಕುವ." ಮಾಸ್ಟ್ರು ತಿರುಗದೆಯೇ ಹೇಳುತ್ತಿದ್ದರು. "ಅದು ಉಳಿದದ್ದಲ್ಲ, ಇಟ್ಟದ್ದು. ನಿಮ್ಮ ಬೋರ್ಡು ಓದುವವನ ಕಣ್ಣು ನಿಂತುಕೊಂಡೇ ಪ್ರಯಾಣ ಮಾಡ್ತಾ ಉಂಟು. ಅದಕ್ಕೆ ಒಂದು ಸೀಟು ಬೇಡವಾ?" ಗಿರಾಕಿ ನನ್ನ ಮುಖ ನೋಡುತ್ತಿದ್ದ. ನಾನು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದೆ. ಎಷ್ಟೋ ಸಲ ಮಾಸ್ಟ್ರು ಚಾ ಕುಡಿಯಲು ಹೋದ ಹೊತ್ತಿನಲ್ಲಿ ನಾನೇ ಆ ಹೂವು ಹಾಕಿ ಪ್ರಿಂಟಿಗೆ ಕೊಟ್ಟದ್ದುಂಟು. ಅಂಗಡಿಯ ಬಾಡಿಗೆಯನ್ನು ಖಾಲಿ ಜಾಗ ಕಟ್ಟುವುದಿಲ್ಲ.

ಶನಿವಾರ ಸಂಜೆ ಅಂಗಡಿಯ ಮೇಲಿನ ಕೋಣೆಯಲ್ಲಿ ಅವರ ಪಾಠ. ಏನೂ ಗೊತ್ತಿಲ್ಲದವರಿಗೆ ಮಾತ್ರ ಪ್ರವೇಶ. ಸ್ವಲ್ಪ ಗೊತ್ತಿದ್ದವರಿಗೆ ಅದನ್ನು ಮರೆಸುವ ಹೊತ್ತಿಗೆ ತನ್ನ ಆಯುಷ್ಯ ಮುಗಿಯುತ್ತದೆ ಎನ್ನುತ್ತಿದ್ದರು. ಬಂಟ್ವಾಳ, ಕಲ್ಲಡ್ಕದ ಕಡೆಯ ಜೆರಾಕ್ಸ್ ಅಂಗಡಿಯವರು, ಮನೆಯಲ್ಲೇ ಉಪ್ಪಿನಕಾಯಿ, ಹಪ್ಪಳ ಮಾಡಿ ಮಾರುವ ಹೆಂಗಸರು ಬರುತ್ತಿದ್ದರು. ಸಾಲು ಹಿಡಿದು ಕೂರಿಸುವುದೆಂದರೇನು ಎಂದು ತೋರಿಸಲು ಅವರನ್ನೆಲ್ಲ ಒಮ್ಮೆ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಕರೆದುಕೊಂಡು ಹೋದರು. "ಒಂದು ಕಂಬದ ಹಾಗೆ ಇನ್ನೊಂದಿಲ್ಲ ಅಂತ ಎಲ್ಲರೂ ಹೇಳ್ತಾರೆ. ಆದರೆ ಒಂದಾದರೂ ಸಾಲು ಬಿಟ್ಟು ಮುಂದೆ ಬಂದು ಕೈ ಮುಗಿದುಂಟಾ ನೋಡಿ," ಎಂದರು. ಆಮೇಲೆ ಅಂಗಳದಲ್ಲಿ ಒಂಟಿಯಾಗಿ ನಿಂತ ಮಾನಸ್ತಂಭದ ಎದುರು ನಿಲ್ಲಿಸಿ, "ಇದು ಯಾಕೆ ಇಷ್ಟು ದೊಡ್ಡದು ಕಾಣ್ತದೆ?" ಎಂದು ಕೇಳಿದರು. ಎತ್ತರ ಉಂಟಲ್ಲ ಎಂದರು ಜೆರಾಕ್ಸಿನವರು. "ಅಲ್ಲ. ಸುತ್ತ ಯಾರೂ ಇಲ್ಲ, ಅದಕ್ಕೆ."

ಇನ್ನೊಮ್ಮೆ ಪಾಠ ನಡೆದದ್ದು ಕಲ್ಲಡ್ಕದ ಒಂದು ಹೋಟೆಲಿನಲ್ಲಿ. ಅಲ್ಲಿನ ಎರಡು ಪದರದ ಚಾ ಯಾರಿಗೆ ಗೊತ್ತಿಲ್ಲ? ಗ್ಲಾಸಿನಲ್ಲಿ ಕೆಳಗೆ ಬೆಳ್ಳಗೆ ಹಾಲು, ಮೇಲೆ ಕಪ್ಪು ಡಿಕಾಕ್ಷನ್, ನಡುವೆ ನೇರ ಗೆರೆ. ಮಾಸ್ಟ್ರು ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದು, ಎರಡು ಬಣ್ಣ ಎದುರೆದುರು ನಿಂತರೆ ಎರಡೂ ಚೆನ್ನಾಗಿ ಕಾಣುತ್ತವೆ, ಕಲಡಿಸಿದರೆ ಎರಡೂ ಕೆಟ್ಟವು ಎಂದು ವಿವರಿಸಿದರು. ಒಂದು ಬಣ್ಣವನ್ನು ಇನ್ನೊಂದರಲ್ಲಿ ಕರಗಿಸುವ ನಮ್ಮ ಫ್ಲೆಕ್ಸಿನವರ ಚಟಕ್ಕೆ ಬೈದರು. ಬೈದು ಮುಗಿಯುವಾಗ ಎಲ್ಲರ ಚಾ ತಣ್ಣಗಾಗಿತ್ತು. ಹೋಟೆಲಿನವರು ಬಂದು, "ಕಲಡಿಸಿ ಕುಡೀಲಿಕ್ಕೆ ಅಲ್ವಾ ಅದನ್ನು ಮಾಡುವುದು?" ಎಂದು ಮೆಲ್ಲ ಕೇಳಿದರು. ಮಾಸ್ಟ್ರು ತಣ್ಣಗಿನ ಚಾವನ್ನು ಪದರ ಕೆಡದ ಹಾಗೆ ಕುಡಿಯಲು ನೋಡಿ ಅಂಗಿಗೆ ಚೆಲ್ಲಿಕೊಂಡರು.

ಗೆದ್ದದ್ದು ಕಡಿಮೆ. ಹಪ್ಪಳದ ಹೆಂಗಸೊಬ್ಬರಿಗೆ ಬಿಳಿಯ ಲೇಬಲು ಮಾಡಿಕೊಟ್ಟರು. ನಡುವೆ ಸುಟ್ಟ ಹಪ್ಪಳದ ಬಣ್ಣದ ಒಂದು ಚಕ್ರ, ಕೆಳಗೆ ಅವರ ಮನೆಯ ಹೆಸರು, ಅಷ್ಟೇ. ಇವತ್ತಿಗೂ ನನ್ನ ಅಂಗಡಿಯಿಂದ ಹೋದದ್ದರಲ್ಲಿ ಅಷ್ಟು ಚಂದದ್ದು ಇನ್ನೊಂದಿಲ್ಲ. ಆಕೆ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರಲ್ಲಿ ಎಂತದೂ ಇಲ್ವಲ್ಲ ಮಾಸ್ಟ್ರೆ," ಎಂದರು. "ಹಪ್ಪಳ ಉಂಟಲ್ಲ," ಎಂದರು ಇವರು. ಮುಂದಿನ ವಾರ ಸಂತೆಯಲ್ಲಿ ನೋಡುವಾಗ ಪ್ರತಿ ಲೇಬಲಿನ ಖಾಲಿ ಜಾಗದಲ್ಲೂ ಒಂದೊಂದು ಲಕ್ಷ್ಮಿಯ ಸ್ಟಿಕ್ಕರು ಕೂತಿತ್ತು.

ಅವರದ್ದೊಂದು ಅಭ್ಯಾಸವಿತ್ತು. ಮಾಡಿದ ಕೆಲಸವನ್ನು ಗೋಡೆಗೆ ಆನಿಸಿ, ಅಕ್ಷರಗಳ ಮೇಲೆ ಅಂಗೈ ಅಡ್ಡ ಹಿಡಿದು, "ಈಗ ಎಂತ ಕಾಣ್ತದೆ?" ಎಂದು ಕೇಳುವುದು. ಓದು ಬಾರದವನಿಗೂ, ಓಡುವ ಬಸ್ಸಿನಲ್ಲಿ ಕುಳಿತವನಿಗೂ ಬೋರ್ಡು ಮೊದಲು ಹೇಳುವುದು ಅದನ್ನೇ ಎನ್ನುತ್ತಿದ್ದರು. ಪೇಟೆಯಲ್ಲಿ ಯಾವುದೋ ಸಂಘ ಕುಡಿತ ಬಿಡಿಸುವ ಶಿಬಿರದ ಫ್ಲೆಕ್ಸ್ ಹಾಕಿತ್ತು. ಒಂದು ಬಾಟಲಿಯ ಚಿತ್ರ, ಅದಕ್ಕೆ ತಾಗಿಯೇ ಶಿಬಿರದ ಉದ್ಘಾಟಕರು. ಮಾಸ್ಟ್ರು ಕೊಡೆಯ ತುದಿಯಿಂದ ಅಕ್ಷರ ಮುಚ್ಚಿ ನನಗೆ ತೋರಿಸಿದರು. "ಹತ್ತಿರ ಇಟ್ಟದ್ದೆಲ್ಲ ಸಂಬಂಧಿಕರು ಆಗ್ತಾರೆ," ಎಂದರು. ಆ ಉದ್ಘಾಟಕರು ಜೀವನದಲ್ಲಿ ಒಂದು ತೊಟ್ಟು ಮುಟ್ಟಿದವರಲ್ಲ, ಪಾಪ.

ಇನ್ನು ಹೊಳೆಯ ಕತೆ.

ನಮ್ಮ ತಾಲೂಕಿನ ನೆರಿಯ ಎಂಬ ಊರಿನ ಆಚೆ, ಕಾಡಿನ ಬುಡದಲ್ಲಿ, ಹೊಳೆಯು ಒಂದು ದೊಡ್ಡ ಬಂಡೆಯನ್ನು ಬಳಸಿ ಹೋಗುವ ಜಾಗವಿದೆ. ಮಳೆಗಾಲ ಕಳೆದರೆ ನೀರು ಅಷ್ಟು ತಿಳಿ. ತಳದ ಬಿಳಿ ಮರಳು ಕೈಗೆ ಸಿಗುವಂತೆ ಕಾಣುತ್ತದೆ. ಮೊಣಕಾಲಿನಷ್ಟು ನೀರಿರಬಹುದು ಅನ್ನಿಸುತ್ತದೆ. ಅಲ್ಲಿರುವುದು ಕಯ. ಹೊಳೆಯೊಳಗಿನ ಆಳದ ಗುಂಡಿಗೆ ನಾವು ಕಯ ಎನ್ನುತ್ತೇವೆ. ಊರಿನವರು ಅಲ್ಲಿ ದನವನ್ನೂ ಇಳಿಸುವುದಿಲ್ಲ. ಮೂಡುಬಿದಿರೆಯ ಹಾಸ್ಟೆಲುಗಳಲ್ಲಿ ಓದುವ ಬಯಲುಸೀಮೆಯ ಮಕ್ಕಳಿಗೆ ಇದೆಲ್ಲ ಏನು ಗೊತ್ತು? ಭಾನುವಾರ ಬೈಕಿನಲ್ಲಿ ಬರುತ್ತಾರೆ, ತಿಳಿನೀರು ಕಂಡು ಇಳಿಯುತ್ತಾರೆ. ಹಾಗೆ ಇಳಿದ ಹುಡುಗನೊಬ್ಬ ಮೇಲೆ ಬರಲಿಲ್ಲ.

ಅವನ ದೇಹವನ್ನು ಮೇಲೆ ತಂದವರು ನಮ್ಮ ಅಧ್ಯಕ್ಷರು. ಆಗ ಅವರು ಯಾವುದರ ಅಧ್ಯಕ್ಷರೂ ಆಗಿರಲಿಲ್ಲ. ಗಲ್ಫಿನಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದ ಗುತ್ತಿನ ಮನೆಯವರು, ಊರಿನ ಹಳೆಯ ಜಮೀನುದಾರರ ಕುಟುಂಬ. ಬೊಬ್ಬೆ ಕೇಳಿ ಓಡಿ ಬಂದು, ಉಟ್ಟ ಲುಂಗಿಯಲ್ಲೇ ಹಾರಿ, ಮುಳುಗಿ ಮುಳುಗಿ ಹುಡುಕಿದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಅವರನ್ನು ಸ್ವಲ್ಪ ತಮಾಷೆ ಮಾಡಲಿಕ್ಕಿದೆ. ಅದೂ ಅವರದ್ದೇ ಸಂಚಿಕೆಯಲ್ಲಿ.

ದುಃಖವಾದರೂ ಸರಿ, ಸಂತೋಷವಾದರೂ ಸರಿ, ನಮ್ಮಲ್ಲಿ ಮೊದಲು ಆಗುವುದು ಸಮಿತಿ. ಗೌರವಾಧ್ಯಕ್ಷರು, ಅಧ್ಯಕ್ಷರು, ಉಪಾಧ್ಯಕ್ಷರುಗಳು, ಸಂಚಾಲಕರು, ಸಹ ಸಂಚಾಲಕರು ಎಂದು ಎಲ್ಲರಿಗೂ ಒಂದೊಂದು ಸ್ಥಾನ ಸಿಕ್ಕಿ, ಬರೀ ಸದಸ್ಯರೆಂದು ಯಾರೂ ಉಳಿಯಲಿಲ್ಲ. ಹೊಳೆಯ ದಾರಿಯಲ್ಲಿ ಎಚ್ಚರಿಕೆಯ ಬೋರ್ಡು ಹಾಕುವುದೆಂದು ತೀರ್ಮಾನವಾಯಿತು. ಖಜಾಂಚಿಯ ಸಂಬಂಧಿಕರ ಅಂಗಡಿ ಬೇರೆ ಪೇಟೆಯಲ್ಲಿತ್ತು, ಅಲ್ಲೇ ಮಾಡಿಸಿ ತಂದರು.

ಯಾವುದೋ ಕೆಲಸಕ್ಕೆ ನೆರಿಯಕ್ಕೆ ಹೋದಾಗ ನಾನೂ ಮಾಸ್ಟ್ರೂ ಅದನ್ನು ನೋಡಿದೆವು. ನೀಲಿಯಿಂದ ಗುಲಾಬಿಗೆ ಕರಗುವ ಆಕಾಶ. ಅದರಡಿ ಒಂದು ಜಲಪಾತ. ನಮ್ಮ ಜಿಲ್ಲೆಯದ್ದಲ್ಲ, ಬಹುಶಃ ನಮ್ಮ ದೇಶದ್ದೂ ಅಲ್ಲ. ಜಲಪಾತದ ಮುಂದೆ ಆಳೆತ್ತರಕ್ಕೆ ಅಧ್ಯಕ್ಷರು, ಕೋಟು ಹಾಕಿ, ನಗುತ್ತಾ, ಕೈ ಮುಗಿದು. ಕೆಳಗೆ ಬಟ್ಟಲು ಬಟ್ಟಲಾಗಿ ಉಳಿದವರ ಮುಖಗಳು. ಅವುಗಳ ಕಾಲಬುಡದಲ್ಲಿ, ನೊರೆಯ ಬಿಳಿಯ ಮೇಲೆ ಬಿಳಿಯ ಅಕ್ಷರದಲ್ಲಿ, ಇಲ್ಲಿ ಈಜುವುದನ್ನು ನಿಷೇಧಿಸಲಾಗಿದೆ ಎಂದಿತ್ತು.

ನಾನು ನಗಲು ಬಾಯಿ ತೆರೆದೆ. ಮಾಸ್ಟ್ರು ನಗಲಿಲ್ಲ. ಹತ್ತಿರ ಹೋಗಿ ಆ ಒಂದು ಸಾಲಿನ ಮೇಲೆ ಅಂಗೈ ಇಟ್ಟರು.

"ಈಗ ಎಂತ ಕಾಣ್ತದೆ?"

"ಅಧ್ಯಕ್ಷರು," ಎಂದೆ.

"ಎಂತ ಮಾಡ್ತಾ ಇದ್ದಾರೆ?"

"ಕೈ ಮುಗಿದಿದ್ದಾರೆ."

"ಅಂದ್ರೆ?"

ನನಗೆ ಅರ್ಥವಾಯಿತು. ಅಂದರೆ ಬನ್ನಿ ಎಂದು. ನಮ್ಮ ಕಡೆ ಹಬ್ಬಕ್ಕೂ, ಮದುವೆಗೂ, ಅಂಗಡಿ ಉದ್ಘಾಟನೆಗೂ ಬೋರ್ಡಿನಲ್ಲಿ ಕೈ ಮುಗಿದು ನಿಲ್ಲುವವರು ಎಲ್ಲರನ್ನೂ ಕರೆಯುವವರೇ. ಸಾವಿನ ಗುಂಡಿಯ ಎದುರಲ್ಲಿ ಕರೆಯುವವರನ್ನು ನಿಲ್ಲಿಸಿದ್ದು ಮಾತ್ರ ಬೇರೆ ಎಲ್ಲಿಯೂ ಕಾಣಲಿಕ್ಕಿಲ್ಲ. ಬೋರ್ಡು ಹಾಕಿದ ಮೇಲೆ ಭಾನುವಾರ ಬರುವ ಬೈಕುಗಳು ಹೆಚ್ಚಾಗಿವೆ ಎಂದು ದಾರಿಯ ಗೂಡಂಗಡಿಯವರು ಹೇಳಿದರು. ಅಷ್ಟು ಚಂದದ ಜಲಪಾತ ಎಲ್ಲಿದೆ ಎಂದು ಕೇಳುತ್ತಾರಂತೆ.

ಅವತ್ತು ಹಿಂದೆ ಬರುವಾಗ ಮಾಸ್ಟ್ರು ಒಂದು ವಿಷಯ ಹೇಳಿದರು. ತೀರಿಹೋದ ಹುಡುಗನ ತಂದೆ ಆ ಜಾಗವನ್ನೊಮ್ಮೆ ನೋಡಬೇಕೆಂದು ಗದಗದ ಕಡೆಯಿಂದ ಬಂದಿದ್ದರಂತೆ. ಮೂಡುಬಿದಿರೆಯಲ್ಲಿ ಬಸ್ಸು ಹತ್ತಿ ಇವರ ಪಕ್ಕವೇ ನಿಂತಿದ್ದರಂತೆ. ಸುದ್ದಿ ಹೇಳಿಕೊಂಡು, ಕೊನೆಗೆ ಇವರನ್ನು ಕೇಳಿದರಂತೆ: "ಅಲ್ಲಿ ಒಂದ್ ಬೋರ್ಡ್ ಇರಲಿಲ್ಲೇನ್ರಿ ಸರ?"

"ನಾನು ಎಂತ ಹೇಳುವುದು ಮಾರಾಯ್ರೆ? ಜೀವನ ಇಡೀ ಬೋರ್ಡಿನ ಪಾಠ ಮಾಡಿದ್ದೇನೆ," ಎಂದರು ಮಾಸ್ಟ್ರು. ಅವರ ಧ್ವನಿ ಹಾಗಿದ್ದದ್ದನ್ನು ನಾನು ಮೊದಲು ಕೇಳಿರಲಿಲ್ಲ. ಇನ್ನೊಬ್ಬ ಇಳಿಯುವ ಮೊದಲು ಆ ಬೋರ್ಡು ಅಲ್ಲಿಂದ ಹೋಗಬೇಕು, ಅಷ್ಟೇ ಅವರ ಹಟ. ಆಮೇಲೆ ಅವರಿಗೆ ಬೇರೆ ಮಾತೇ ಇರಲಿಲ್ಲ.

ಅಧ್ಯಕ್ಷರನ್ನು ಅಂಗಡಿಗೆ ಕರೆಸಿದೆ. ಮಾಸ್ಟ್ರು ತಾನು ಮಾಡಿದ ಹೊಸ ಬೋರ್ಡು ತೋರಿಸಿದರು. ಹಳದಿ ಬಣ್ಣ, ನಡುವೆ ಕಪ್ಪು ಅಕ್ಷರದಲ್ಲಿ ಒಂದೇ ಶಬ್ದ: ಇಳಿಯಬೇಡಿ. ಸುತ್ತ ಏನೂ ಇಲ್ಲ.

"ಉಳಿದದ್ದು?" ಎಂದು ಕೇಳಿದರು ಅಧ್ಯಕ್ಷರು.

"ಇಷ್ಟೇ."

"ಯಾರು ಹಾಕಿದ್ದು ಅಂತ ಗೊತ್ತಾಗುವುದು ಬೇಡ್ವಾ ಮಾಸ್ಟ್ರೆ?"

"ಬೇಡ."

"ಚದರ ಅಡಿಯ ಲೆಕ್ಕದಲ್ಲಿ ದುಡ್ಡು ಕೊಡುವುದು ನಾವು. ಖಾಲಿ ಜಾಗಕ್ಕೂ ಕೊಡ್ಬೇಕಾ?"

"ಅದಕ್ಕೇ ಕೊಡುವುದು ನೀವು. ಅಕ್ಷರ ನಾನು ಪುಕ್ಕಟೆ ಕೊಡ್ತೇನೆ."

"ಆಯ್ತು, ನನ್ನದು ಬೇಡ. ಉಪಾಧ್ಯಕ್ಷರದ್ದು ಒಂದು ಸಣ್ಣದು ಮೂಲೆಯಲ್ಲಿ ಹಾಕುವ. ಅವರಿಗೆ ಬೇಸರ ಆಗ್ತದೆ."

ಮಾಸ್ಟ್ರು ಆಗ ಹೇಳಿದ ಮಾತನ್ನು ಸ್ಮರಣ ಸಂಚಿಕೆಯಲ್ಲಿ ಬರೆಯಲು ಬರುವುದಿಲ್ಲ. ಅಧ್ಯಕ್ಷರು ಎದ್ದು ಹೋದರು. ಒಳ್ಳೆಯ ಗಿರಾಕಿಯೂ ಹೋಯಿತು ಎಂದು ನಾನು ಮಾಸ್ಟ್ರ ಮೇಲೆ ಹಾರಾಡಿದೆ. ಅವರು ಕೆಂಪು ಕೊಡೆ ಹಿಡಿದುಕೊಂಡು ಅಧ್ಯಕ್ಷರ ಹಿಂದೆಯೇ ಹೋಗಿ ರಸ್ತೆಯಲ್ಲಿ ತಡೆದು ನಿಲ್ಲಿಸಿದರು. "ಭಾನುವಾರ ಒಮ್ಮೆ ಹೊಳೆಗೆ ಹೋಗುವ. ನೀವು ನಿಂತು ನೋಡಿ ಸಾಕು, ಮಾತಾಡುವುದು ಬೇಡ," ಎಂದರು. ಹೇಗೋ ಒಪ್ಪಿಸಿದರು.

ಆ ಭಾನುವಾರ ನಾನೂ ಇದ್ದೆ. ಅಧ್ಯಕ್ಷರ ಕಾರಿನಲ್ಲೇ ಹೋದದ್ದು. ಬೋರ್ಡಿನ ಪಕ್ಕದ ಮರದಡಿ ಮೂವರೂ ನಿಂತೆವು. ಹೆಚ್ಚು ಹೊತ್ತಾಗಲಿಲ್ಲ, ಬೈಕುಗಳು ಬಂದವು. ಹೆಗಲ ಮೇಲೆ ಟವೆಲು ಹಾಕಿದ ಹುಡುಗರು ಇಳಿದು, ಬೋರ್ಡಿನ ಎದುರು ನಿಂತು ಒಂದೆರಡು ಫೋಟೋ ಹೊಡೆದುಕೊಂಡರು. ಅವರಲ್ಲೊಬ್ಬ ಅಧ್ಯಕ್ಷರನ್ನು ನೋಡಿದ, ಬೋರ್ಡನ್ನು ನೋಡಿದ, ಮತ್ತೆ ಅಧ್ಯಕ್ಷರನ್ನು ನೋಡಿದ. ಮುಖ ಅರಳಿತು.

"ಸರ, ನೀವ ಅಲ್ರೀ ಬೋರ್ಡಿನ್ಯಾಗ ನಮ್ಮನ್ನ ಕರಿಯಾಕತ್ತಿದವರು? ಭಾಳ ಚಲೋ ಜಾಗಾ ಐತ್ರೀ ನಿಮ್ಮದು. ಒಂದ್ ಸೆಲ್ಫಿ ಕೊಡ್ರೀ."

ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ತೆಗೆದುಕೊಂಡೇಬಿಟ್ಟ. ಅಧ್ಯಕ್ಷರಿಗೆ ಅಭ್ಯಾಸಬಲ, ಕೈಗಳು ತಾವಾಗಿ ಮುಗಿದವು. ಮುಗಿದ ಕೈಯನ್ನು ಅವರೇ ನೋಡಿಕೊಂಡರು. ಆಮೇಲೆ ಆ ಹುಡುಗನ ರಟ್ಟೆ ಹಿಡಿದು ಬಂಡೆಯ ಹತ್ತಿರ ಎಳೆದುಕೊಂಡು ಹೋದರು.

"ಇಲ್ಲಿ ನೋಡು. ಮರಳು ಕಾಣ್ತದಲ್ಲ? ಮರಳು ಕಂಡಲ್ಲಿ ನೆಲ ಇಲ್ಲ. ನಿನ್ನಷ್ಟೇ ಪ್ರಾಯದ ಹುಡುಗನನ್ನು ನಾನು ಇಲ್ಲಿಂದ ಎತ್ತಿದ್ದೇನೆ." ಹುಡುಗರು ಟವೆಲು ಮಡಚಿಕೊಂಡು ಸುಮ್ಮನೆ ಹೋದರು.

ಮಾಸ್ಟ್ರು ಮೊದಲ ಬಾರಿಗೆ ಒಬ್ಬ ಗಿರಾಕಿಯನ್ನು ಗೌರವದಿಂದ ನೋಡಿದ್ದನ್ನು ಕಂಡೆ. "ಈಗ ಹೇಳಿದಿರಲ್ಲ, ಆ ಮಾತು ನನಗೆ ಕೊಡಿ. ಅದು ಬೋರ್ಡಿನಲ್ಲಿ ಬರಬೇಕು," ಎಂದರು. ಅಧ್ಯಕ್ಷರು ಕಣ್ಣೊರೆಸಿಕೊಂಡು ತಲೆಯಾಡಿಸಿದರು. ಕಾರು ಹತ್ತುವಾಗ ಮಾತ್ರ, "ಇಲ್ಲಿ ಯಾರ ಮುಖವೂ ಬೇಡ ಮಾಸ್ಟ್ರೆ, ನಾನು ಒಪ್ಪಿದೆ. ಆದರೆ ಸಮಿತಿಯವರಿಗೆ ನಾನು ಎಂತ ಹೇಳುವುದು?" ಎಂದರು.

ಆಗ ಆದ ಒಪ್ಪಂದ ಇದು. ಹೊಳೆಯ ಬೋರ್ಡು ಮಾಸ್ಟ್ರು ಹೇಳಿದ ಹಾಗೆ. ಅದಕ್ಕೆ ಬದಲಾಗಿ ಬೆಳ್ತಂಗಡಿ ಬಸ್‌ಸ್ಟ್ಯಾಂಡಿನ ಎದುರು ಒಂದು ದೊಡ್ಡ ಫ್ಲೆಕ್ಸ್. ಅದರಲ್ಲಿ ಸಮಿತಿಯ ಪ್ರತಿಯೊಬ್ಬರ ಮುಖ ಇರಬೇಕು, ಕೋಟು ಇರಬೇಕು, ಅಂಚಿಗೆ ಹೊಳಪು ಇರಬೇಕು, ಕೆಳಗೆ ಮಾಡಿದವರೆಂದು ಮಾಸ್ಟ್ರ ಹೆಸರೂ ಇರಬೇಕು. ಆ ಕೊನೆಯ ಷರತ್ತು ಹಾಕಿದ್ದು ಉಪಾಧ್ಯಕ್ಷರು. ಬೇಸರವಾದದ್ದು ಅವರಿಗೆ ಮರೆತಿರಲಿಲ್ಲ.

ಮಾಸ್ಟ್ರು ಮಾಡಿದರು. ನಾನು ಮಾಡುತ್ತೇನೆ ಬಿಡಿ ಎಂದರೂ ಕೇಳಲಿಲ್ಲ. ಒಬ್ಬೊಬ್ಬರ ಕೂದಲನ್ನೂ ಬಿಡಿಸಿ ಕತ್ತರಿಸಿ, ಎಲ್ಲರನ್ನೂ ಬಸದಿಯ ಕಂಬಗಳ ಹಾಗೆ ಸಾಲು ಹಿಡಿದು ಕೂರಿಸಿದರು. ಗುಲಾಬಿ ಮೋಡ ಬೇಕೆಂದರು, ಹಾಕಿದರು. ಉಳಿದ ಒಂದು ಮೂಲೆಗೂ ಹೂವು ಬೇಕೆಂದರು. ಅದನ್ನೂ ಹಾಕಿದರು. ಹಾಕಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕುಳಿತರು.

ಆ ಫ್ಲೆಕ್ಸ್ ಊರಿಗೆಲ್ಲ ಭಾರೀ ಮೆಚ್ಚುಗೆಯಾಯಿತು. "ಮಾಸ್ಟ್ರೆ, ಈಗ ನೋಡಿ ನಿಮಗೆ ಸರಿಯಾಗಿ ಕೈ ಕೂತದ್ದು," ಎಂದು ಅಂಗಡಿಗೆ ಬಂದು ಬೆನ್ನು ತಟ್ಟಿದವರುಂಟು. ಬೇರೆ ಸಮಿತಿಗಳು ಅಂಥದ್ದೇ ಬೇಕೆಂದು ಬಂದವು. ಅದು ಬಸ್‌ಸ್ಟ್ಯಾಂಡಿನ ಎದುರು ಇದ್ದಷ್ಟು ಕಾಲ, ಯಾವಾಗಲೂ ನಿಂತು ಬರುತ್ತಿದ್ದ ಮಾಸ್ಟ್ರು ಬಸ್ಸಿನಲ್ಲಿ ಕುಳಿತು ಬಂದರು, ಇನ್ನೊಂದು ಬದಿಯ ಕಿಟಕಿಗೆ ಮುಖ ಮಾಡಿ. ಸದ್ಯ ಮಾಸ್ಟ್ರಿಗೆ ಬುದ್ಧಿ ಬಂತು ಎಂದ ಕಂಡಕ್ಟರು.

ಹೊಳೆಯ ಬೋರ್ಡು ತಗಡಿನದ್ದು. ಕಬ್ಬಿಣದ ಕಾಲು ನೆಟ್ಟು ನಿಲ್ಲಿಸಿದ ದಿನ ಮಾಸ್ಟ್ರು ದೂರ ಹೋಗಿ, ಹತ್ತಿರ ಬಂದು, ಮತ್ತೆ ದೂರ ಹೋಗಿ ನೋಡಿದರು. ಹೇಗಾಯಿತು ಎಂದು ಕೇಳಿದೆ. "ಅಡ್ಡಿ ಇಲ್ಲ," ಎಂದರು. ಅವರು ಯಾವುದಕ್ಕೂ ಅಷ್ಟು ಹೊಗಳಿದ್ದನ್ನು ನಾನು ಕೇಳಿಲ್ಲ.

ಆಮೇಲೆ ಅವರಿಗೆ ಕಾಯಿಲೆ, ಆಸ್ಪತ್ರೆ, ಮಳೆಗಾಲ. ಮತ್ತೊಮ್ಮೆ ಅಲ್ಲಿಗೆ ಹೋಗಿ ಆ ಬೋರ್ಡು ಕೆಲಸ ಮಾಡುವುದನ್ನು ನೋಡಲು ಅವರಿಗೆ ಆಗಲಿಲ್ಲ.

ಸಂಚಿಕೆಗಾಗಿ ಮೊನ್ನೆ ಭಾನುವಾರ ನಾನೊಬ್ಬಳೇ ಹೋದೆ. ಮಳೆ ಬಿಟ್ಟು ನೀರು ತಿಳಿಯಾಗಿತ್ತು. ಬಂಡೆಯ ಮೇಲೆ ಕುಳಿತಿದ್ದೆ. ನಾಲ್ಕಾರು ಹುಡುಗರು ಬಂದರು, ಟವೆಲು, ಚಿಪ್ಸ್ ಪೊಟ್ಟಣ, ಗಲಾಟೆ. ಮುಂದೆ ಬರುತ್ತಿದ್ದವನು ಇನ್ನೂ ದಾರಿಯ ತಿರುವಿನಲ್ಲಿದ್ದ, ಅಲ್ಲೇ ನಿಂತ.

"ಲೇ, ನಿಂದರ್ರೋ."

"ಯಾಕ?"

"ಓದ್ರಿಲ್ಲಿ. ಇಳಿಯಬೇಡಿ. ಮರಳು ಕಂಡಲ್ಲಿ ನೆಲ ಇಲ್ಲ."

"ಹಂಗಂದ್ರ?"

"ಕಾಲಿಟ್ರ ಮುಗೀತು, ಅಷ್ಟ."

ದಡದವರೆಗೆ ಬಂದು ಒಬ್ಬ ಕಲ್ಲೊಂದನ್ನು ಎತ್ತಿ ನೀರಿಗೆ ಹಾಕಿದ. ಅದು ಇಳಿಯಿತು, ಇಳಿಯುತ್ತಲೇ ಹೋಯಿತು, ಚಿಕ್ಕದಾಗುತ್ತಾ ಕೊನೆಗೆ ತಳದ ಮರಳಿನಲ್ಲಿ ಒಂದು ಚುಕ್ಕೆಯಾಯಿತು. ಎಲ್ಲರೂ ಬಂಡೆಯ ಮೇಲೆ ಕುಳಿತು ಚಿಪ್ಸ್ ತಿಂದರು. ಪೊಟ್ಟಣ ಅಲ್ಲೇ ಬಿಸಾಡಿದ್ದಕ್ಕೆ ನನ್ನಿಂದ ಬೈಸಿಕೊಂಡು, ಹೆಕ್ಕಿಕೊಂಡು, ಬಂದ ದಾರಿಯಲ್ಲೇ ಹೋದರು. ಕಾಲ ಹೆಬ್ಬೆರಳೂ ಒದ್ದೆಯಾಗಲಿಲ್ಲ. ಬೋರ್ಡು ಹಾಕಿದವರು ಯಾರು ಎಂದು ಅವರಲ್ಲಿ ಒಬ್ಬನೂ ಕೇಳಲಿಲ್ಲ.

ಬೈಕುಗಳ ಸದ್ದು ಮುಗಿದ ಮೇಲೆ ನಾನು ಅಲ್ಲೇ ಕುಳಿತು ಅತ್ತೆ. ಬದುಕಿದ್ದಾಗ ಆ ಮನುಷ್ಯ ನನ್ನ ತಲೆ ತಿಂದದ್ದಕ್ಕೆ ಲೆಕ್ಕವಿಲ್ಲ. ಆದರೂ ಅವರಿಗೆ ಇದೊಂದನ್ನು ತೋರಿಸಬೇಕಿತ್ತು.

ಇಷ್ಟು ಬರೆದು ಮುಗಿಸುವಷ್ಟರಲ್ಲಿ ಅಧ್ಯಕ್ಷರ ಫೋನು ಬಂತು.

"ಬರ್ದಾಯ್ತಾ ಅಕ್ಕ? ಫೋಟೋ ಸಿಕ್ಕಿತಾ?"

"ಬರೆದಾಯ್ತು. ಫೋಟೋ ಇಲ್ಲ. ಅವರ ಹೆಸರೂ ಹಾಕಲಿಲ್ಲ. ಫೋಟೋದ ಜಾಗ ಹಾಗೇ ಖಾಲಿ ಬಿಡಿ."

"ಹೌದು, ಅವರಿಗೆ ಅದೇ ಸರಿ," ಎಂದರು ಅಧ್ಯಕ್ಷರು. ಅವರಿಗೆ ಅರ್ಥವಾಗಿದೆ ಎಂದು ನನಗೂ ಅರ್ಥವಾಯಿತು. ಆದರೆ ಹುಟ್ಟುಗುಣ ಅಷ್ಟು ಸುಲಭದಲ್ಲಿ ಬಿಡುತ್ತದೆಯೇ?

"ಅಲ್ಲ ಅಕ್ಕ, ಅಷ್ಟು ಜಾಗ ಸುಮ್ಮನೆ ಖಾಲಿ ಬಿಡುವುದಾ? ಸಮಿತಿಯದ್ದು ಒಂದು ಸಣ್ಣ ಶುಭಾಶಯ ಅಲ್ಲಿ ಹಾಕುವ. ಸಣ್ಣದು. ಬೇಕಾದ್ರೆ ಕೋಟು ಇಲ್ಲದ್ದೇ."

"ಆಗುವುದಿಲ್ಲ ಅಧ್ಯಕ್ಷರೇ," ಎಂದೆ. "ಆ ಸೀಟಿನಲ್ಲಿ ಮಾಸ್ಟ್ರು ಕೂತಿದ್ದಾರೆ."